ಮೈಮೇಲೆ ಬಿದ್ದ ಚಿತ್ರ: ಬೆಳಗಾವಿ ಕೋಟೆಯಿಂದ ಶುರುವಾಗುವ ಒಂದು ಫೋಟೋ ಕಥೆ

(ಇತಿಹಾಸ ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡು, ಓದಲು ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ.)

 

ಇವತ್ತು ಒಂದು ಫೋಟೋದಿಂದ ಶುರು ಮಾಡೋಣ. ನೀವು ರೀಲ್ಸಲ್ಲಿ ಖಂಡಿತ ನೋಡಿರ್ತೀರಿ. ಕತ್ತಲೆ ಕೋಣೆ, ಒಬ್ಬ ಹುಡುಗಿ ಬಿಳಿ ಗೋಡೆ ಮುಂದೆ ನಿಂತಿದ್ದಾಳೆ. ಎದುರಿಗೆ ಒಂದು ಪ್ರೊಜೆಕ್ಟರ್. ಅದರಿಂದ ಹೂವಿನ ಚಿತ್ರವೋ, ಸಮುದ್ರದ ಚಿತ್ರವೋ, ಒಂದು ಪತ್ರದ ಸಾಲುಗಳೋ ಹೊರಟು ಅವಳ ಮುಖದ ಮೇಲೆ ಬೀಳ್ತಿವೆ. ಕೆನ್ನೆ ಮೇಲೆ ಅಲೆ, ಹಣೆ ಮೇಲೆ ಅಕ್ಷರ. ಕ್ಲಿಕ್. ಈಗ ಪ್ರೀ ವೆಡ್ಡಿಂಗ್ ಶೂಟಲ್ಲೂ ಇದನ್ನ ಮಾಡ್ತಾರೆ, ಕಾಲೇಜಿನ ಫೋಟೋಗ್ರಫಿ ಕ್ಲಬ್ಬಲ್ಲೂ ಮಾಡ್ತಾರೆ.

ನೋಡೋಕೆ ಹೊಸದು ಅನ್ಸುತ್ತೆ. ಆದರೆ ಇದರ ಹಿಂದೆ ಒಂದು ಹಳೇ ಪ್ರಶ್ನೆ ಇದೆ. ಫೋಟೋ ತೆಗೆಸಿಕೊಳ್ಳೋ ಮನುಷ್ಯನ ಹಿಂದೆ ಏನಿರಬೇಕು, ಅವನ ಮೇಲೆ ಏನು ಬೀಳಬೇಕು, ಅದನ್ನ ತೀರ್ಮಾನ ಮಾಡೋರು ಯಾರು? ಕ್ಯಾಮೆರಾ ಹಿಂದೆ ಇರೋರಾ, ಮುಂದೆ ಇರೋರಾ? ಇವತ್ತಿನ ಸಂಚಿಕೆ ಪೂರ್ತಿ ಈ ಒಂದು ಪ್ರಶ್ನೆ ಸುತ್ತಲೇ. ಅದಕ್ಕೆ ನಾವು ಹೋಗಬೇಕಾದ ಮೊದಲ ಜಾಗ ಬೆಳಗಾವಿ ಕೋಟೆ.

ಕೋಟೆಯೊಳಗಿನ ಅತಿಥಿ

ಬೆಳಗಾವಿಯವರಿಗೆ ಕೋಟೆ ಅಂದ್ರೆ ದಿನಾ ದಾಟೋ ಜಾಗ. ಪಕ್ಕದಲ್ಲಿ ಕೆರೆ, ಸುತ್ತ ಕಂದಕ, ಬಾಗಿಲ ಹತ್ತಿರ ದುರ್ಗಾದೇವಿ ಗುಡಿ. ಒಳಗೆ ಹೋದ್ರೆ ಕಮಲ ಬಸದಿ, ಸಫಾ ಮಸೀದಿ. ರಟ್ಟರ ಕಾಲದಲ್ಲಿ, 1204ರ ಹೊತ್ತಿಗೆ ಶುರುವಾದ ಕೋಟೆ ಇದು. ಆಮೇಲೆ ಯಾರ್ಯಾರೋ ಆಳಿದರು. 1818ರಲ್ಲಿ ಬ್ರಿಟಿಷರ ಕೈಗೆ ಬಂತು. ಪಕ್ಕದಲ್ಲೇ ಕ್ಯಾಂಪ್ ಬೆಳೀತು, ಸಿಪಾಯಿಗಳು ಬಂದರು, ಸಾಹೇಬರು ಬಂದರು, ರೈಲು ಬಂತು. ಇವರೆಲ್ಲ ಬಂದ ಮೇಲೆ ಫೋಟೋ ಸ್ಟುಡಿಯೋ ಬರದೇ ಇರುತ್ತಾ?

ಈಗ 1892ರ ಅಕ್ಟೋಬರ್ ತಿಂಗಳಿಗೆ ಬನ್ನಿ. ಕೊಲ್ಲಾಪುರದ ಕಡೆಯಿಂದ ಒಬ್ಬ ಬಂಗಾಳಿ ಸನ್ಯಾಸಿ ಬೆಳಗಾವಿಗೆ ಬರ್ತಾರೆ. ವಯಸ್ಸು 29. ಮೊದಲು ವಕೀಲರಾದ ಭಾಟೆ ಅವರ ಮನೆಯಲ್ಲಿ ಇಳ್ಕೊಳ್ತಾರೆ. ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರ ಅನ್ನೋರ ಮನೆಗೆ. ಈ ಮಿತ್ರ ಇದ್ದ ಮನೆ ಕೋಟೆಯೊಳಗೇ ಇತ್ತು. ಇವತ್ತು ಅದು ಸ್ಮಾರಕ, ರಾಮಕೃಷ್ಣ ಮಿಷನ್ ನೋಡಿಕೊಳ್ಳುತ್ತೆ. ಹೌದು, ಆ ಸನ್ಯಾಸಿ ಸ್ವಾಮಿ ವಿವೇಕಾನಂದ. ಶಿಕಾಗೋ ಭಾಷಣಕ್ಕೆ ಇನ್ನೂ 11 ತಿಂಗಳು ಬಾಕಿ. ಊರಲ್ಲಿ ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಭಾಟೆ ಅವರ ಮಗ ಆಗ ಇನ್ನೂ ಓದೋ ಹುಡುಗ. ಮುಂದೆ ಪ್ರೊಫೆಸರ್ ಆದ ಜಿ.ಎಸ್. ಭಾಟೆ ಅವರೇ. ಅವರು ಬರೆದಿಟ್ಟ ನೆನಪುಗಳು ಭಾರಿ ಮಜಾ ಇವೆ. ಬಂದ ಅತಿಥಿ ಕಾವಿ ಉಟ್ಟಿದ್ದರು, ಸರಿ. ಆದರೆ ಬನಿಯನ್ ಹಾಕಿದ್ದರು! ಸನ್ಯಾಸಿಗಳ ದಂಡದ ಬದಲು ಕೈಯಲ್ಲಿ ಉದ್ದನೆಯ ಬೇರೆ ಥರದ ಕೋಲು. ಊಟ ಆದ ಮೇಲೆ ಎಲೆ ಅಡಿಕೆ ಕೇಳಿದರು. ಮನೆಯವರಿಗೆ ಆಶ್ಚರ್ಯ. ಸನ್ಯಾಸಿ ಎಲೆ ಅಡಿಕೆ ಹಾಕ್ತಾರಾ?

ಇಲ್ಲಿ ಒಂದು ನಿಮಿಷ ನಿಲ್ಲಿ. ಯಾರೂ ಪ್ರೊಜೆಕ್ಟರ್ ಹಚ್ಚಿಲ್ಲ, ಆದರೂ ಆ ಮನುಷ್ಯನ ಮೇಲೆ ಒಂದು ಚಿತ್ರ ಬಿದ್ದೇ ಇದೆ. "ಸನ್ಯಾಸಿ ಅಂದ್ರೆ ಹೀಗೇ ಇರಬೇಕು" ಅನ್ನೋ ಚಿತ್ರ. ಎದುರಿಗಿರೋ ಮನುಷ್ಯ ಆ ಚಿತ್ರಕ್ಕೆ ಸರಿಯಾಗಿ ಹೊಂದ್ತಿಲ್ಲ, ಅದಕ್ಕೇ ಆಶ್ಚರ್ಯ.

ಈಗ ಫೋಟೋ ವಿಷಯ. ಹರಿಪದ ಮಿತ್ರ ಅವರಿಗೆ ಅತಿಥಿಯ ಒಂದು ಫೋಟೋ ಬೇಕು. ಅವರ ನೆನಪಿನ ಬರಹದ ಪ್ರಕಾರ ಸ್ವಾಮೀಜಿ ಸುಲಭಕ್ಕೆ ಒಪ್ಪಲಿಲ್ಲ. ಇದಕ್ಕೂ ಮೊದಲು ಬೇರೊಬ್ಬರು ಕೇಳಿದಾಗ ಆಗಲ್ಲ ಅಂದಿದ್ದರಂತೆ. ಮಿತ್ರ ಬಿಡಲಿಲ್ಲ, ಮತ್ತೆ ಮತ್ತೆ ಕೇಳಿದರು. ಕೊನೆಗೆ ಒಪ್ಪಿದರು. ಫೋಟೋ ತೆಗೆದದ್ದು ಬೆಳಗಾವಿಯ ಎಸ್. ಮಹಾದೇವ್ ಆಂಡ್ ಸನ್ ಸ್ಟುಡಿಯೋ. ಪರಿವ್ರಾಜಕ ವಿವೇಕಾನಂದರ ಫೋಟೋಗಳು ಇರೋದೇ ಕೆಲವು. ಅದರಲ್ಲಿ ಒಂದು ನಮ್ಮ ಬೆಳಗಾವಿದು.

ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಆ "ಆಗಲ್ಲ" ಅನ್ನೋ ಮಾತು. ಆಗಲ್ಲ ಅನ್ನೋಕೆ ಅವಕಾಶ ಇದ್ದಿದ್ದಕ್ಕೇ ಆಮೇಲಿನ "ಆಯ್ತು"ಗೆ ಬೆಲೆ ಬಂತು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಗದ್ದ ಸ್ವಲ್ಪ ಮ್ಯಾಲೆ ಮಾಡ್ರಿ

1892ರ ಸ್ಟುಡಿಯೋ ಹೇಗಿರ್ತಿತ್ತು? ಈಗಿನ ಹಾಗೆ ಫ್ಲಾಶ್ ಲೈಟ್ ಇಲ್ಲ. ಸೂರ್ಯನೇ ಲೈಟ್. ಆ ಕಾಲದ ಸ್ಟುಡಿಯೋಗಳಲ್ಲಿ ಒಂದು ಕಡೆ ದೊಡ್ಡ ಗಾಜಿನ ಕಿಟಕಿ ಅಥವಾ ಗಾಜಿನ ಮಾಡು ಇರ್ತಿತ್ತು. ಉತ್ತರದ ಕಡೆ ಇದ್ದರೆ ಒಳ್ಳೇದು, ಅಲ್ಲಿಂದ ಬಿಸಿಲು ನೇರವಾಗಿ ಬರಲ್ಲ, ಬೆಳಕು ಮೆತ್ತಗೆ ಬರುತ್ತೆ. ಮೋಡ ಕವಿದರೆ ಕೆಲಸ ನಿಧಾನ. ಬೆಳಗಾವಿ, ಖಾನಾಪುರದ ಮಳೆಗಾಲ ನಿಮಗೆ ಗೊತ್ತಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಆಕಾಶವೇ ಕಾಣಲ್ಲ. ಅಕ್ಟೋಬರ್ ಅಂದ್ರೆ ಫೋಟೋದವರಿಗೆ ಸುಗ್ಗಿ.

ಫಿಲ್ಮ್ ಅಂದ್ರೆ ಆಗ ಗಾಜಿನ ತಟ್ಟೆ. ಅದಕ್ಕೆ ಬೆಳಕು ಹಿಡಿಯೋ ರಾಸಾಯನಿಕ ಬಳಿದಿರ್ತಿತ್ತು. 1871ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಅನ್ನೋ ಡಾಕ್ಟರ್ ತೋರಿಸಿಕೊಟ್ಟ ಜೆಲಾಟಿನ್ ಪ್ಲೇಟ್ ಅದು. ಅದಕ್ಕೂ ಮೊದಲು ಪ್ಲೇಟ್ ಒದ್ದೆ ಇರುವಾಗಲೇ ಫೋಟೋ ತೆಗೆದು ತೊಳೀಬೇಕಿತ್ತು. ಈ ಒಣ ಪ್ಲೇಟ್ ಬಂದ ಮೇಲೆ ಸಣ್ಣ ಊರಿನ ಸ್ಟುಡಿಯೋಗಳಿಗೂ ಬದುಕೋದು ಸುಲಭ ಆಯ್ತು. ಆದರೂ ಕ್ಯಾಮೆರಾ ಮುಂದೆ ಉಸಿರು ಹಿಡಿದು ಅಲ್ಲಾಡದೆ ಕೂರಬೇಕು. ತಲೆ ಅಲುಗದ ಹಾಗೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡೋದೂ ಆ ಕಾಲದ ರೂಢಿ. ಅಜ್ಜ ಅಜ್ಜಿಯರ ಹಳೇ ಫೋಟೋದಲ್ಲಿ ಯಾರೂ ಯಾಕೆ ನಗಲ್ಲ ಅಂತ ಕೇಳ್ತೀರಲ್ಲ, ಒಂದು ಕಾರಣ ಇದು. ನಗು ಅಷ್ಟು ಹೊತ್ತು ನಿಲ್ಲಲ್ಲ.

ಮತ್ತೆ ಹಿಂದೆ? ಹಿಂದೆ ಪರದೆ. ಬಟ್ಟೆ ಮೇಲೆ ಬರೆದ ಅರಮನೆ, ಕಂಬ, ಮೆಟ್ಟಿಲು, ತೋಟ, ಕೊಳ. ಪಕ್ಕದಲ್ಲಿ ಒಂದು ಮೇಜು, ಮೇಜಿನ ಮೇಲೆ ಹೂದಾನಿ, ಪುಸ್ತಕ. ಈ ಪರದೆಗಳನ್ನ ಬರೀತಿದ್ದೋರು ಯಾರು ಅಂದ್ರೆ, ಬಹಳ ಕಡೆ ನಾಟಕದ ಪರದೆ ಬರೆಯೋ ಕೈಗಳೇ. ನಮ್ಮ ಸೀಮೆಯಲ್ಲಿ ಅಂಥ ಕೈಗಳಿಗೆ ಬರ ಇರಲಿಲ್ಲ. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ. ಅತ್ತ ಕೊಲ್ಲಾಪುರದಲ್ಲಿ ಬಾಬುರಾವ್ ಪೇಂಟರ್ ಮತ್ತು ಆನಂದರಾವ್ ಪೇಂಟರ್ ಅಂತ ಇಬ್ಬರು. 1910ರಿಂದ 1916ರ ಹೊತ್ತಿಗೆ ನಾಟಕ ಕಂಪನಿಗಳ ಪರದೆ ಬರೆಯೋದರಲ್ಲಿ ಅವರದ್ದೇ ಹೆಸರು. ಬಾಬುರಾವ್ ಮುಂದೆ ಸಿನಿಮಾಕ್ಕೆ ಹೋದರು. 1920ರ 'ಸೈರಂಧ್ರಿ', 1925ರ 'ಸಾವಕಾರಿ ಪಾಶ್' ಅವರದ್ದೇ. ಪರದೆ ಬರೆಯೋ ಕುಂಚದಿಂದ ಕ್ಯಾಮೆರಾಕ್ಕೆ ಬಂದವರು ಅವರು.

ಈಗ ಯೋಚನೆ ಮಾಡಿ. ಖಾನಾಪುರದ ಕಡೆಯಿಂದ ಒಂದು ಸಂಸಾರ ಬೆಳಗಾವಿಗೆ ಬಂದಿದೆ. ಸುಮಾರು 25 ಕಿಲೋಮೀಟರ್ ದಾರಿ. ಮದುವೆಯ ಬಟ್ಟೆ, ಇರೋ ಬಂಗಾರ ಎಲ್ಲ ಹಾಕ್ಕೊಂಡು ಸ್ಟುಡಿಯೋಕ್ಕೆ ಬಂದಿದ್ದಾರೆ. "ಅಕ್ಕಾರ, ಗದ್ದ ಸ್ವಲ್ಪ ಮ್ಯಾಲೆ ಮಾಡ್ರಿ. ಮಾಮಾ, ಕೈ ಕುರ್ಚಿ ಮ್ಯಾಲೆ ಇಡ್ರಿ." ಹಿಂದೆ ಅರಮನೆಯ ಪರದೆ. ಊರಲ್ಲಿ ಅವರ ಮನೆ ಮಣ್ಣಿಂದು, ಮೇಲೆ ಹೆಂಚು. ಫೋಟೋದಲ್ಲಿ ಅವರು ಕಂಬಗಳ ನಡುವೆ ನಿಂತಿದ್ದಾರೆ. ಇದು ಸುಳ್ಳಾ?

ನನಗನ್ನಿಸೋದು, ಅಲ್ಲ. ಅರಮನೆ ಅವರದ್ದಲ್ಲ ಅಂತ ಫೋಟೋ ತೆಗೆಸಿಕೊಂಡವರಿಗೂ ಗೊತ್ತು, ನೋಡೋರಿಗೂ ಗೊತ್ತು. ಯಾರೂ ಮೋಸ ಹೋಗ್ತಿಲ್ಲ. ಅದು ಅವರು ಆರಿಸಿಕೊಂಡ ಕನಸು. ಅರ್ಜುನ್ ಅಪ್ಪಾದುರೈ, ಕ್ರಿಸ್ಟೋಫರ್ ಪಿನ್ನಿ ಅವರಂಥ ವಿದ್ವಾಂಸರು 1990ರ ದಶಕದಲ್ಲಿ ಸ್ಟುಡಿಯೋ ಫೋಟೋಗಳ ಬಗ್ಗೆ ಬರೆಯುವಾಗ ಈ ಪರದೆಗಳನ್ನ ಬಹಳ ಗಂಭೀರವಾಗಿ ತಗೊಂಡರು. ದುಡ್ಡು ಕೊಟ್ಟು ಫೋಟೋ ತೆಗೆಸಿಕೊಳ್ಳೋ ಮನುಷ್ಯ "ನಾನು ಹೀಗೆ ಕಾಣಬೇಕು" ಅಂತ ಹೇಳಬಹುದು. ಪರದೆ ಅವನ ಮಾತು.

ಅಳೆಯುವ ಪರದೆ

ಆದರೆ ಅದೇ ಕಾಲದಲ್ಲಿ ಇನ್ನೊಂದು ಥರದ ಪರದೆಯೂ ಇತ್ತು.

1868ರಿಂದ 1875ರ ನಡುವೆ ಬ್ರಿಟಿಷ್ ಸರ್ಕಾರ 'ದಿ ಪೀಪಲ್ ಆಫ್ ಇಂಡಿಯಾ' ಅನ್ನೋ ಪುಸ್ತಕ ಹೊರತಂದಿತು. 8 ಸಂಪುಟ, 450ಕ್ಕೂ ಹೆಚ್ಚು ಫೋಟೋ. ಅಲ್ಲಿ ಇರೋರು ಮನುಷ್ಯರೇ. ಆದರೆ ಬಹಳಷ್ಟು ಫೋಟೋಗಳ ಕೆಳಗೆ ಹೆಸರಿಲ್ಲ, ಇರೋದು ಜಾತಿ ಅಥವಾ ಬುಡಕಟ್ಟು. ಜೊತೆಗೆ ಈ ಜನ ಹೇಗೆ, ನಂಬಿಕಸ್ತರಾ ಅಲ್ಲವಾ ಅಂತ ಆಳುವವರ ಷರಾ. ಒಬ್ಬ ಮನುಷ್ಯ ಇಡೀ ಒಂದು ಗುಂಪಿನ ನಮೂನೆ ಆಗಿಬಿಟ್ಟ.

1890ರ ದಶಕದಲ್ಲಿ ಅಂಡಮಾನಿನಲ್ಲಿ ಮಾರಿಸ್ ವಿಡಾಲ್ ಪೋರ್ಟ್‌ಮನ್ ಅನ್ನೋ ಬ್ರಿಟಿಷ್ ಅಧಿಕಾರಿ ಇದನ್ನ ಇನ್ನೊಂದು ಹೆಜ್ಜೆ ಮುಂದೆ ತಗೊಂಡು ಹೋದ. ಅಲ್ಲಿನ ಮೂಲನಿವಾಸಿಗಳನ್ನ ಕಪ್ಪು ಬಿಳಿ ಚೌಕಗಳ ಪರದೆ ಮುಂದೆ ನಿಲ್ಲಿಸಿ ಫೋಟೋ ತೆಗೆದ. ಒಂದೊಂದು ಚೌಕ 2 ಇಂಚು. ಯಾಕೆ? ಮೈಯಳತೆ ತಗೊಳ್ಳೋಕೆ. ಚದುರಂಗದ ಹಲಗೆ ಥರದ ಪರದೆ, ಅದರ ಮುಂದೆ ಒಬ್ಬ ಮನುಷ್ಯ. ಬಟ್ಟೆ ಅಂಗಡಿಯಲ್ಲಿ ತಾನು ಅಳೆಯೋ ಹಾಗೆ.

ಕಾಲ ಲೆಕ್ಕ ಹಾಕಿ. ಬೆಳಗಾವಿ ಸ್ಟುಡಿಯೋದಲ್ಲಿ ಸನ್ಯಾಸಿಯ ಫೋಟೋ 1892. ಅಂಡಮಾನಿನ ಫೋಟೋಗಳೂ ಅದೇ ದಶಕ. ಕ್ಯಾಮೆರಾ ಒಂದೇ ಥರದ್ದು, ಗಾಜಿನ ಪ್ಲೇಟ್ ಒಂದೇ ಥರದ್ದು. ಒಂದು ಕಡೆ "ಬೇಡ" ಅಂದರೆ ಕೇಳ್ತಾರೆ, ಮತ್ತೆ ಬಂದು ಬೇಡಿಕೊಳ್ತಾರೆ. ಇನ್ನೊಂದು ಕಡೆ ಬೇಡ ಅನ್ನೋ ಮಾತಿಗೆ ಜಾಗವೇ ಕಷ್ಟ. ಪರದೆಯ ವ್ಯತ್ಯಾಸ ಅಂದ್ರೆ ಇದು.

ನಮ್ಮ ಕರ್ನಾಟಕದಲ್ಲೇ ಇದಕ್ಕೆ ಒಂದು ಉತ್ತರ ಬಂತು, ಸುಮಾರು ನೂರು ವರ್ಷ ಆದ ಮೇಲೆ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಸೇರಿ 2000ದಿಂದ 2004ರ ತನಕ ಒಂದು ಫೋಟೋ ಸರಣಿ ಮಾಡಿದರು. ಹೆಸರು 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಆಂಡ್ ಕಸ್ಟಮ್ಸ್'. ಹೆಸರೇ ಹಳೇ ಸರ್ಕಾರಿ ಪುಸ್ತಕದ ಹಾಗಿದೆ, ಬೇಕಂತಲೇ. ಪುಷ್ಪಮಾಲಾ ಅವರೇ ವೇಷ ಹಾಕ್ಕೊಂಡು ಕ್ಯಾಮೆರಾ ಮುಂದೆ ನಿಂತರು. ಒಂದರಲ್ಲಿ ರವಿವರ್ಮನ ಲಕ್ಷ್ಮಿ, ಬರೆದ ಪರದೆ ಸಮೇತ. ಇನ್ನೊಂದರಲ್ಲಿ ಅದೇ ಚೌಕದ ಪರದೆ, ಅದೇ ಅಳತೆಯ ಭಂಗಿ. ಆದರೆ ಈ ಸಲ ಆ ಪರದೆಯನ್ನ ತರಿಸಿ ನಿಲ್ಲಿಸಿದ್ದು ಅದರ ಮುಂದೆ ನಿಂತ ಹೆಂಗಸೇ. ನೋಡೋಕೆ ಮೊದಲು ನಗು ಬರುತ್ತೆ. ಸ್ವಲ್ಪ ಹೊತ್ತಾದ ಮೇಲೆ ನಗು ನಿಲ್ಲುತ್ತೆ.

ಎರಡು ಪೆಟ್ಟಿಗೆ

ಇಲ್ಲಿತನಕ ಚಿತ್ರ ಮನುಷ್ಯನ ಹಿಂದೆ ಇತ್ತು. ಅದು ಮುಂದೆ ಬಂದು ಮೈಮೇಲೆ ಬಿದ್ದಿದ್ದು ಯಾವಾಗ? ಅದಕ್ಕೆ ಇನ್ನೊಂದು ಪೆಟ್ಟಿಗೆಯ ಕಥೆ ಬೇಕು.

ಬೆಳಕಿನಿಂದ ಪರದೆ ಮೇಲೆ ಚಿತ್ರ ಮೂಡಿಸೋದು ನಮಗೆ ಹೊಸದಲ್ಲ. ತೊಗಲು ಗೊಂಬೆಯಾಟ ನೋಡಿದ್ದೀರಾ? ಬಿಳಿ ಪರದೆ, ಹಿಂದೆ ದೀಪ, ನಡುವೆ ಬಣ್ಣ ಹಚ್ಚಿದ ತೊಗಲಿನ ಗೊಂಬೆ. ತೊಗಲನ್ನ ತೆಳ್ಳಗೆ ಹದ ಮಾಡಿರೋದ್ರಿಂದ ಬೆಳಕು ಅದರೊಳಗಿಂದ ಹಾಯ್ದು ಬರುತ್ತೆ, ಬಣ್ಣದ ನೆರಳು ಬೀಳುತ್ತೆ. ಕಿಳ್ಳೇಕ್ಯಾತರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕಲೆ.

ಯೂರೋಪಿನಲ್ಲಿ ಇದಕ್ಕೆ ಮಸೂರ ಸೇರಿಕೊಂಡಿತು. 1659ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಬರೆದಿಟ್ಟ ಚಿತ್ರಗಳಲ್ಲಿ ಮ್ಯಾಜಿಕ್ ಲ್ಯಾಂಟರ್ನ್ ಕಾಣುತ್ತೆ. ಒಂದು ಪೆಟ್ಟಿಗೆ, ಒಳಗೆ ದೀಪ, ಮುಂದೆ ಗಾಜಿನ ಮೇಲೆ ಬರೆದ ಚಿತ್ರ, ಅದರ ಮುಂದೆ ಮಸೂರ. ಚಿತ್ರ ದೊಡ್ಡದಾಗಿ ಗೋಡೆ ಮೇಲೆ. ಇವತ್ತಿನ ಪ್ರೊಜೆಕ್ಟರ್‌ಗೆ ಅಜ್ಜ ಅದು.

ನಮ್ಮ ಕಡೆಗೆ ಹತ್ತಿರದ ಉದಾಹರಣೆ ಮುಂಬೈ ಪಕ್ಕದ ಕಲ್ಯಾಣದ್ದು. ಮಹಾದೇವ ಪಟವರ್ಧನ್ ಅನ್ನೋರು 'ಶಾಂಬರಿಕ ಖರೋಲಿಕಾ' ಅಂತ ಹೆಸರಿಟ್ಟು ಪ್ರದರ್ಶನ ಶುರು ಮಾಡಿದರು. ಗಾಜಿನ ಮೇಲೆ ಕೈಯಲ್ಲಿ ಬರೆದ ಪುರಾಣದ ಚಿತ್ರಗಳು. ಒಂದಾದ ಮೇಲೆ ಒಂದು ಬೇಗ ಬೇಗ ಬದಲಾಯಿಸಿ ಗೊಂಬೆಗಳು ಅಲುಗಾಡಿದ ಹಾಗೆ ತೋರಿಸ್ತಿದ್ದರು. ಸಿನಿಮಾ ಬರೋಕೂ ಮೊದಲೇ! ಶುರುವಾದ ವರ್ಷ? 1892. ಬೆಳಗಾವಿಯಲ್ಲಿ ಆ ಫೋಟೋ ತೆಗೆದ ವರ್ಷವೇ. 1918ರ ತನಕ ಆ ಪ್ರದರ್ಶನ ನಡೀತು.

ಎರಡೂ ಪೆಟ್ಟಿಗೆಗಳನ್ನ ಪಕ್ಕ ಪಕ್ಕ ಇಟ್ಟು ನೋಡಿ. ಕ್ಯಾಮೆರಾ ಬೆಳಕನ್ನ ಒಳಗೆ ಎಳ್ಕೊಳ್ಳುತ್ತೆ. ಲ್ಯಾಂಟರ್ನ್ ಬೆಳಕನ್ನ ಹೊರಗೆ ಚೆಲ್ಲುತ್ತೆ. ಒಂದೇ ಯಂತ್ರ, ತಿರುಗಿಸಿ ಇಟ್ಟ ಹಾಗೆ. ಇವೆರಡರ ನಡುವೆ ಒಬ್ಬ ಮನುಷ್ಯನನ್ನ ನಿಲ್ಲಿಸಿದರೆ ಇವತ್ತಿನ ಪ್ರೊಜೆಕ್ಟರ್ ಪೋರ್ಟ್ರೇಟ್ ತಯಾರು.

ಬೆಳಕೇ ಪರದೆ ಆದಾಗ

ಆದರೆ ಸ್ಟುಡಿಯೋದವರಿಗೆ ಮೊದಲು ಬೇಕಾಗಿದ್ದು ಅದಲ್ಲ. ಅವರಿಗೆ ಬೇಕಾಗಿದ್ದು ಬರೆದ ಪರದೆಯ ಬದಲು ಬೆಳಕಿನ ಪರದೆ. ಹಳೇ ಸಿನಿಮಾದಲ್ಲಿ ಹೀರೋ ಕಾರು ಓಡಿಸ್ತಾ ಸ್ಟೀರಿಂಗ್ ಸುಮ್ಮನೆ ತಿರುಗಿಸ್ತಿರ್ತಾನೆ, ಹಿಂದಿನ ಕಿಟಕಿಯಲ್ಲಿ ರಸ್ತೆ ಓಡ್ತಿರುತ್ತೆ. ಕಾರು ಸ್ಟುಡಿಯೋದಲ್ಲೇ ನಿಂತಿದೆ. ಹಿಂದೆ ಒಂದು ಪರದೆ, ಆ ಪರದೆಯ ಆಚೆ ಕಡೆಯಿಂದ ಪ್ರೊಜೆಕ್ಟರ್ ರಸ್ತೆಯ ಚಿತ್ರ ಬಿಡ್ತಿದೆ. ಇದು ಹಿಂದಿನಿಂದ ಬಿಡೋ ಪ್ರೊಜೆಕ್ಷನ್. ತೊಗಲು ಗೊಂಬೆಯ ಲೆಕ್ಕಾಚಾರವೇ.

ಇದರ ತೊಂದರೆ ಏನು ಅಂದ್ರೆ ಜಾಗ ಬಹಳ ಬೇಕು, ಚಿತ್ರ ಮಂಕು. ಅದಕ್ಕೇ ಮುಂದಿನಿಂದ ಬಿಡೋ ಉಪಾಯ ಬಂತು. ಅಮೆರಿಕದ 3ಎಂ ಕಂಪನಿ ಒಂದು ವಿಶೇಷ ಪರದೆ ಮಾಡಿತ್ತು. ರಾತ್ರಿ ಹೆದ್ದಾರಿಯಲ್ಲಿ ಗಾಡಿ ಲೈಟ್ ಬಿದ್ದಾಗ ಬೋರ್ಡ್ ಫಳ್ ಅಂತ ಹೊಳೆಯುತ್ತಲ್ಲ, ಅದೇ ಗುಣದ ಪರದೆ. ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸುತ್ತೆ. ಕ್ಯಾಮೆರಾ ಮುಂದೆ 45 ಡಿಗ್ರಿ ಓರೆಯಾಗಿ ಒಂದು ಅರೆಪಾರದರ್ಶಕ ಕನ್ನಡಿ ಇಡ್ತಾರೆ. ಪ್ರೊಜೆಕ್ಟರ್ ಬೆಳಕು ಆ ಕನ್ನಡಿಗೆ ತಾಗಿ, ಕ್ಯಾಮೆರಾ ನೋಡೋ ದಾರಿಯಲ್ಲೇ ಹೋಗುತ್ತೆ. ಹಾಗಾಗಿ ಮುಂದೆ ನಿಂತವನ ನೆರಳು ಸರಿಯಾಗಿ ಅವನ ಹಿಂದೆಯೇ ಅಡಗುತ್ತೆ, ಕ್ಯಾಮೆರಾಕ್ಕೆ ಕಾಣಲ್ಲ. 1968ರ '2001: ಎ ಸ್ಪೇಸ್ ಒಡಿಸ್ಸಿ' ಸಿನಿಮಾದ ಶುರುವಿನ ಆಫ್ರಿಕಾ ದೃಶ್ಯಗಳನ್ನ ಹೀಗೆ ಇಂಗ್ಲೆಂಡಿನ ಸ್ಟುಡಿಯೋ ಒಳಗೇ ತೆಗೆದರು. ಆಮೇಲೆ ಪಶ್ಚಿಮ ದೇಶಗಳ ಪೋರ್ಟ್ರೇಟ್ ಸ್ಟುಡಿಯೋಗಳಿಗೂ ಇದೇ ತಂತ್ರ ಬಂತು. ಗಿರಾಕಿ ಒಂದೇ ಕಡೆ ಕೂತಿದ್ದರೆ ಸಾಕು, ಸ್ಲೈಡ್ ಬದಲಾಯಿಸಿದರೆ ಹಿಂದೆ ಕಾಡು, ಸಮುದ್ರ, ಹಿಮ.

ಇಲ್ಲೊಂದು ಗುಟ್ಟಿದೆ. ಮುಂದಿನಿಂದ ಬೆಳಕು ಬಿಟ್ಟಾಗ ಚಿತ್ರ ಪರದೆ ಮೇಲೆ ಮಾತ್ರ ಬೀಳಲ್ಲ, ಮನುಷ್ಯನ ಮೇಲೂ ಬೀಳುತ್ತೆ! ಆದರೆ ಪರದೆ ಬೆಳಕನ್ನ ಬಹಳ ಜೋರಾಗಿ ವಾಪಸ್ ಕಳಿಸುತ್ತೆ, ಚರ್ಮ ಅಷ್ಟು ಕಳಿಸಲ್ಲ. ಮನುಷ್ಯನಿಗೆ ಬೇರೆ ಲೈಟನ್ನೂ ಹಾಕಿರ್ತಾರೆ. ಹಾಗಾಗಿ ಮೈಮೇಲಿನ ಚಿತ್ರ ಅಳಿಸಿಹೋಗುತ್ತೆ. 2001 ಸಿನಿಮಾದಲ್ಲಿ ಒಂದು ಚಿರತೆಯ ಕಣ್ಣು ವಿಚಿತ್ರವಾಗಿ ಹೊಳೆಯುತ್ತೆ, ನೋಡಿ ಬೇಕಾದ್ರೆ. ಅದು ಪ್ರೊಜೆಕ್ಟರ್ ಬೆಳಕೇ. ಅಡಗಿಸಿಟ್ಟ ಗುಟ್ಟನ್ನ ಚಿರತೆ ಬಯಲು ಮಾಡಿಬಿಟ್ಟಿತು.

ಅಡಗಿಸಬೇಕಾದ ಆ ತಪ್ಪನ್ನೇ ಮುಂದೆ ತಂದು ತೋರಿಸಿದ್ದು ರಾಬರ್ಟ್ ಬ್ರೌನ್‌ಜಾನ್ ಅನ್ನೋ ಅಮೆರಿಕನ್ ವಿನ್ಯಾಸಗಾರ. ಅವನು ಓದಿದ್ದು ಶಿಕಾಗೋದಲ್ಲಿ, ಬೆಳಕಿನ ಜೊತೆ ಪ್ರಯೋಗ ಮಾಡ್ತಿದ್ದ ಕಲಾವಿದ ಮೊಹೊಲಿ ನಾಜ್ ಕಟ್ಟಿದ ಶಾಲೆಯಲ್ಲಿ. 1963ರ ಜೇಮ್ಸ್ ಬಾಂಡ್ ಸಿನಿಮಾ 'ಫ್ರಮ್ ರಷ್ಯಾ ವಿತ್ ಲವ್' ಶುರುವಾಗುವಾಗ, ನಟರ ಹೆಸರುಗಳನ್ನ ಪರದೆ ಮೇಲೆ ಬರೆಯೋ ಬದಲು ನರ್ತಕಿಯ ಮೈಮೇಲೆ ಬೆಳಕಿನಲ್ಲಿ ಬಿಟ್ಟ. ಅವಳು ಕುಣಿದ ಹಾಗೆ ಅಕ್ಷರ ಬಾಗ್ತಾ ಹೋಗುತ್ತೆ. ಮರುವರ್ಷ 1964ರ 'ಗೋಲ್ಡ್‌ಫಿಂಗರ್'ನಲ್ಲಿ ಚಿನ್ನದ ಬಣ್ಣ ಬಳಿದುಕೊಂಡ ಮಾರ್ಗರೆಟ್ ನೋಲನ್ ಅನ್ನೋ ನಟಿಯ ಮೈಮೇಲೆ ಸಿನಿಮಾ ತುಣುಕುಗಳನ್ನೇ ಬಿಟ್ಟ. ಜಗತ್ತು ಬೆರಗಾಗಿ ನೋಡಿತು. ಇವತ್ತಿನ ಪ್ರೊಜೆಕ್ಟರ್ ಪೋರ್ಟ್ರೇಟ್‌ಗಳ ಹಿಂದೆ ಆ ಎರಡು ಟೈಟಲ್‌ಗಳ ನೆನಪು ಬಹಳಷ್ಟಿದೆ.

ಚೆಂದ ಇದೆ, ಇಲ್ಲ ಅನ್ನಲ್ಲ. ಆದರೆ ಗಮನಿಸಿ. ಅಲ್ಲಿ ಮೈಮೇಲೆ ಓಡೋದು ಎಲ್ಲ ಬೇರೆಯವರ ಹೆಸರು, ಬೇರೆಯವರ ಕಥೆ. ಪರದೆ ಆಗಿ ನಿಂತ ಹೆಂಗಸು ಯಾರು ಅಂತ ನೋಡೋರಿಗೆ ಕೇಳಬೇಕು ಅಂತಲೂ ಅನ್ಸಲ್ಲ. ಅರಮನೆ ಪರದೆ ಮುಂದೆ ನಿಂತ ಖಾನಾಪುರದ ಅಕ್ಕ ತನ್ನ ಕನಸಿನ ಮುಂದೆ ನಿಂತಿದ್ದಳು. ಇಲ್ಲಿ ಒಬ್ಬ ಮನುಷ್ಯಳೇ ಬೇರೆಯವರ ಕನಸಿಗೆ ಪರದೆ.

ಬೆಳಗಾವಿ ಮುಖ

ಈ ವಿಷಯ ಬೆಳಗಾವಿಯವರಿಗೆ ಬೇರೆ ಯಾರಿಗಿಂತ ಚೆನ್ನಾಗಿ ಅರ್ಥ ಆಗುತ್ತೆ ಅಂತ ನನ್ನ ಅನಿಸಿಕೆ. 1956ರಲ್ಲಿ ಭಾಷೆ ಆಧಾರದ ಮೇಲೆ ರಾಜ್ಯಗಳಾದವು, ಬೆಳಗಾವಿ ಆಗಿನ ಮೈಸೂರು ರಾಜ್ಯಕ್ಕೆ ಸೇರಿತು. ಅವತ್ತಿನಿಂದ ಜಗಳ. ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟಿತು, 2004ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಈ ಊರಿನ ಮನುಷ್ಯ ಹೊರಗೆ ಎಲ್ಲಿ ಹೋದರೂ ಅವನ ಮುಖದ ಮೇಲೆ ಮೊದಲು ಒಂದು ಪ್ರಶ್ನೆ ಬೀಳುತ್ತೆ. ನೀನು ಯಾವ ಕಡೆಯವನು? ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು, ಗೆಳೆಯರ ಜೊತೆ ಮೂರನೆಯದು ಮಾತಾಡೋ ಮನುಷ್ಯ ಅವನು. ಕನ್ನಡ, ಮರಾಠಿ, ಉರ್ದು, ಕೊಂಕಣಿ ಎಲ್ಲ ಒಂದೇ ಓಣಿಯಲ್ಲಿ ಕೇಳಿಸುತ್ತೆ.

ಈಗ ಆ 1892ರ ಫೋಟೋಕ್ಕೆ ವಾಪಸ್ ಹೋಗಿ. ಮೊದಲ ಆತಿಥ್ಯ ಮರಾಠಿ ಮನೆಯದ್ದು. ಎರಡನೆಯದು ಬಂಗಾಳಿ ಅಧಿಕಾರಿಯದ್ದು. ಮನೆ ಇದ್ದಿದ್ದು ರಟ್ಟರ ಕೋಟೆಯಲ್ಲಿ. ಫೋಟೋ ತೆಗೆದದ್ದು ಊರಿನ ಸ್ಟುಡಿಯೋ. ಈ ಫೋಟೋ ಯಾರದ್ದು ಅಂತ ಭಾಷೆ ಹೆಸರು ಹಿಡಿದು ಹೇಳಿ ನೋಡೋಣ? ಆಗಲ್ಲ. ಫೋಟೋದಲ್ಲಿ ಭಾಷೆ ಕೇಳಿಸಲ್ಲ. ಕಾಣೋದು ಒಬ್ಬ ಮನುಷ್ಯ, ಅಷ್ಟೆ. ಹಳೇ ಸ್ಟುಡಿಯೋ ಫೋಟೋಗಳ ದೊಡ್ಡ ಗುಣ ಅದೇ.

ಮರುವರ್ಷ ಶಿಕಾಗೋ ಆಯ್ತು. ಅಲ್ಲಿ ಥಾಮಸ್ ಹ್ಯಾರಿಸನ್ ಸ್ಟುಡಿಯೋದಲ್ಲಿ ತೆಗೆದ ಕೈಕಟ್ಟಿ ನಿಂತ ಫೋಟೋ ಜಗತ್ತಿಗೇ ಗೊತ್ತು. ಕ್ಯಾಲೆಂಡರ್, ಶಾಲೆ ಗೋಡೆ, ಬಸ್ಸಿನ ಹಿಂಭಾಗ, ವಾಟ್ಸಾಪ್ ಸ್ಟೇಟಸ್, ಎಲ್ಲ ಕಡೆ. ಅದರ ಮೇಲೆ ಯಾರ್ಯಾರೋ ತಮತಮಗೆ ಬೇಕಾದ ಮಾತು ಅಂಟಿಸ್ತಾರೆ. ಬೆಳಗಾವಿಯ ಫೋಟೋ ಮಾತ್ರ ಅಷ್ಟು ಓಡಾಡಲಿಲ್ಲ. ಅದರಲ್ಲಿ ಎಲೆ ಅಡಿಕೆ ಕೇಳಿದ, ಫೋಟೋ ಬೇಡ ಅಂದ, ಆಮೇಲೆ ಒಪ್ಪಿದ ಒಬ್ಬ ಅತಿಥಿ ಇನ್ನೂ ಉಳಿದಿದ್ದಾನೆ.

ನಿಮ್ಮ ಫೋನಿನೊಳಗಿನ ಪ್ರೊಜೆಕ್ಟರ್

ಈಗ ನಿಮ್ಮ ಕೈಯಲ್ಲಿರೋ ಫೋನ್ ವಿಷಯ. ಪೋರ್ಟ್ರೇಟ್ ಮೋಡ್‌ನಲ್ಲಿ ಹಿಂದಿನದ್ದೆಲ್ಲ ಮಬ್ಬಾಗುತ್ತೆ. ಅದು ಲೆಕ್ಕ ಹಾಕಿ ಮಾಡಿದ ಪರದೆ. ವಿಡಿಯೋ ಕಾಲಿನಲ್ಲಿ ಹಿಂದೆ ಬೀಚ್ ಹಾಕ್ತೀರಿ. ಅದು ಅರಮನೆ ಪರದೆಯ ಮೊಮ್ಮಗ. ಇನ್ನು ಬ್ಯೂಟಿ ಫಿಲ್ಟರ್? ಅದು ಮೈಮೇಲೆ ಬೀಳೋ ಚಿತ್ರ. ಮೂಗು ಸಣ್ಣ, ಕಣ್ಣು ದೊಡ್ಡ, ಬಣ್ಣ ಬಿಳಿ. ನೀವು ಕೇಳದೇ ಇದ್ದರೂ ಕೆಲವು ಫೋನುಗಳಲ್ಲಿ ಅದು ಮೊದಲೇ ಆನ್ ಆಗಿರುತ್ತೆ. ಹಳೇ ಸ್ಟುಡಿಯೋದಲ್ಲೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಸುಕ್ಕು ತೆಗೀತಿದ್ದರು. ಆದರೆ ಅಲ್ಲಿ "ಏನು ಮಾಡಲ್ರಿ?" ಅಂತ ಕೇಳೋಕೆ ಎದುರಿಗೆ ಒಬ್ಬ ಮನುಷ್ಯ ಇದ್ದ. ಫೋನ್ ಕೇಳಲ್ಲ. "ಚೆಂದ ಅಂದ್ರೆ ಹೀಗೇ ಇರಬೇಕು" ಅನ್ನೋ ಚೌಕದ ಪರದೆ ಅದರೊಳಗೇ ಇದೆ.

ಹಾಗಂತ ಪ್ರೊಜೆಕ್ಟರ್ ಮುಟ್ಟಬೇಡಿ ಅಂತ ಹೇಳ್ತಿಲ್ಲ. ಮಾಡಿ ನೋಡಿ, ಮಜಾ ಇದೆ. ಪ್ರೊಜೆಕ್ಟರ್ ಬೇಕಂತಲೂ ಇಲ್ಲ. ಕೋಣೆ ಪೂರ್ತಿ ಕತ್ತಲೆ ಮಾಡಿ. ಒಂದು ಫೋನಿನ ಟಾರ್ಚ್ ಹಚ್ಚಿ, ಮುಂದೆ ಅಡುಗೆಮನೆಯ ಜರಡಿ ಹಿಡೀರಿ. ಮುಖದ ಮೇಲೆ ಚುಕ್ಕಿ ಚುಕ್ಕಿ ಬೆಳಕು ಬೀಳುತ್ತೆ. ಲೇಸಿನ ಬಟ್ಟೆ ಹಿಡಿದರೆ ಬಳ್ಳಿ. ಬೆಳಕು ನೇರ ಕಣ್ಣಿಗೆ ಹೊಡೆಯದ ಹಾಗೆ ಸ್ವಲ್ಪ ಓರೆ ಇಡಿ. ಇನ್ನೊಂದು ಫೋನಿನಿಂದ ಫೋಟೋ ತೆಗೀರಿ, ಫ್ಲಾಶ್ ಆಫ್ ಇರಲಿ, ಇಲ್ಲಾಂದ್ರೆ ಎಲ್ಲ ಅಳಿಸಿಹೋಗುತ್ತೆ. ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟು ಬೆಳಕಿನ ಮಟ್ಟ ಕಡಿಮೆ ಮಾಡಿ.

ನಿಜವಾದ ಪ್ರೊಜೆಕ್ಟರ್ ಸಿಕ್ಕರೆ ಒಂದು ಮಾತು ನೆನಪಿಡಿ. ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಬಿಡೋಕೆ ಬರಲ್ಲ. ಅದು ಬೆಳಕನ್ನ ಸೇರಿಸಬಹುದು, ತೆಗೆಯೋಕಾಗಲ್ಲ. ಚಿತ್ರದಲ್ಲಿ ಕಪ್ಪಿರೋ ಕಡೆ ಮುಖ ಕತ್ತಲಲ್ಲೇ ಇರುತ್ತೆ. ಕಣ್ಣು ಕಾಣಬೇಕು ಅಂದ್ರೆ ಚಿತ್ರದ ಬೆಳಕಿನ ಭಾಗ ಕಣ್ಣ ಮೇಲೆ ಬರೋ ಹಾಗೆ ನಿಲ್ಲಿಸಿ. ಬಿಳಿ ಅಂಗಿ ಚಿತ್ರವನ್ನ ಚೆನ್ನಾಗಿ ಹಿಡಿಯುತ್ತೆ, ಕಪ್ಪು ಅಂಗಿ ನುಂಗುತ್ತೆ. ಕೆಲವು ಪ್ರೊಜೆಕ್ಟರ್‌ಗಳಲ್ಲಿ ಬಣ್ಣದ ಚಕ್ರ ತಿರುಗ್ತಿರುತ್ತೆ. ಶಟರ್ ಬಹಳ ವೇಗವಾಗಿದ್ದರೆ ಫೋಟೋದಲ್ಲಿ ಬಣ್ಣದ ಪಟ್ಟೆ ಬರುತ್ತೆ. ಸ್ವಲ್ಪ ನಿಧಾನ ಮಾಡಿ, ಎದುರಿಗಿರೋರಿಗೆ ಅಲ್ಲಾಡಬೇಡಿ ಅಂತ ಹೇಳಿ. 1892ರ ಹಾಗೆ.

ಇಷ್ಟೆಲ್ಲ ಮಾಡೋಕೆ ಮೊದಲು ಮಾತ್ರ ಒಂದು ಕೆಲಸ. ಎದುರಿಗೆ ನಿಲ್ಲೋ ತಂಗಿಯೋ, ಗೆಳೆಯನೋ, ಅಜ್ಜಿಯೋ, ಅವರನ್ನ ಕೇಳಿ. ನಿನ್ನ ಮೇಲೆ ಯಾವ ಚಿತ್ರ ಬೀಳಬೇಕು? ಅಜ್ಜಿ ತನ್ನ ತವರಿನ ಕೆರೆ ಅನ್ನಬಹುದು. ಗೆಳೆಯ ತಾನು ಬರೆದ ಒಂದು ಸಾಲು ಅನ್ನಬಹುದು. ಬೇಡ ಅಂದರೆ ಬಿಡಿ. ಮಿತ್ರ ಅವರ ಹಾಗೆ ಒಂದೆರಡು ದಿನ ಬಿಟ್ಟು ಮತ್ತೆ ಕೇಳಿ. ಒಪ್ಪಿದರೆ ತೆಗೀರಿ, ತೆಗೆದ ಮೇಲೆ ಅವರಿಗೂ ಒಂದು ಕಾಪಿ ಕೊಡಿ.

ಬೆಳಗಾವಿಯಲ್ಲಿ ಇರೋರು ಈ ಭಾನುವಾರ ಕೋಟೆಗೆ ಹೋಗಿ ಬನ್ನಿ. ಆ ಮನೆ ಇನ್ನೂ ಅಲ್ಲಿದೆ. ಊರಿಗೆ ಹೋದಾಗ ಗೋಡೆ ಮೇಲಿನ ಹಳೇ ಫೋಟೋ ಇಳಿಸಿ, ಧೂಳು ಒರೆಸಿ, ಹಿಂಬದಿ ತಿರುಗಿಸಿ ನೋಡಿ. ಎಷ್ಟೋ ಸಲ ಸ್ಟುಡಿಯೋದ ಹೆಸರು ಅಲ್ಲೇ ಇರುತ್ತೆ. ಆಮೇಲೆ ಮನೆಯ ಹಿರಿಯರನ್ನ ಕೇಳಿ, ಹಿಂದಿನ ಪರದೆ ಯಾರು ಆರಿಸಿದ್ದು ಅಂತ. ಅವರು ಹೇಳೋದನ್ನ ಫೋನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ರೆಕಾರ್ಡ್ ಮಾಡ್ಲಾ ಅಂತ ಅವರನ್ನ ಮೊದಲು ಕೇಳೋದನ್ನ ಮಾತ್ರ ಮರೀಬೇಡಿ.

ಇವತ್ತಿಗೆ ಇಷ್ಟು. ಮತ್ತೆ ಸಿಗೋಣ. ಬರ್ತೀನ್ರಿ, ನಮಸ್ಕಾರ.